ಉದವಾಡದ ಅಖಂಡಾಗ್ನಿ

ಮುಂಬಯಿಯಿಂದ ಸೂರತ್ತಿಗೆ ರೈಲಿನಲ್ಲಿ ಹೋಗುವವರು ಗುಜರಾತಿನ ಗಡಿಯನ್ನು ದಾಟಿದ ಮೇಲೆ ಸಂಜಾಣವೆಂಬ ಸಣ್ಣ ನಿಲ್ದಾಣವೊಂದನ್ನೂ, ಅಲ್ಲಿಂದ ಕೆಲವು ಹರದಾರಿಗಳಾಚೆ ಉದವಾಡವೆಂಬ ಇನ್ನೊಂದನ್ನೂ ಕಾಣುವರು. ಅನೇಕ ವೇಗದ ಗಾಡಿಗಳು ಇಲ್ಲಿ ನಿಲ್ಲುವುದೂ ಇಲ್ಲ. ಆದರೆ ನಮಗೆ ಕಾಶೀ ರಾಮೇಶ್ವರಗಳು ಹೇಗೋ ಪಾರಸಿ ಜನರಿಗೆ ಈ ಎರಡು ಊರುಗಳು ಹಾಗೆ. ಒಂದರಲ್ಲಿ ಅವರು ಈ ನೆಲದ ಮೇಲೆ ಕಾಲಿಟ್ಟರು. ಇನ್ನೊಂದರಲ್ಲಿ ಅವರ ಪರಮಪೂಜ್ಯವಾದ ಅಗ್ನಿಯು ಇಂದಿಗೂ ಆರದೆ ಉರಿಯುತ್ತಿರುವುದು.

ಇರಾನಿನ ಸಸಾನಿ ಅರಸರಲ್ಲಿ ಕೊನೆಯವನಾದ ಮೂರನೆಯ ಯಜ್ದೆಗರ್ದನು 651ರಲ್ಲಿ ಹತನಾದನು. ರಾಜ್ಯವು ಅರಬರ ವಶವಾಯಿತು. ಜರಥುಷ್ಟ್ರನ ಮತವನ್ನು ಬಿಡಲೊಲ್ಲದ ಕೆಲವರು ಹಡಗುಗಳನ್ನೇರಿ ಪೂರ್ವಕ್ಕೆ ಹೊರಟರು. ಅವರು ಸಂಜಾಣಕ್ಕೆ ಬಂದ ವರ್ಷವನ್ನು ಕೆಲವರು 716 ಎಂದೂ ಕೆಲವರು 936 ಎಂದೂ ಹೇಳುವರು. ಈ ವೃತ್ತಾಂತವನ್ನು ಹೇಳುವ ‘ಕಿಸ್ಸಾ-ಇ-ಸಂಜಾನ್’ ಎಂಬ ಪಾರಸೀ ಭಾಷೆಯ ಪದ್ಯಗ್ರಂಥವನ್ನು ಬಹಮನ್ ಕೈಕೋಬಾದನೆಂಬ ಪುರೋಹಿತನು ಸುಮಾರು 1600ರಲ್ಲಿ ರಚಿಸಿದನು.

ಅಲ್ಲಿನ ಅರಸನಾದ ಜಾದಿ ರಾಣನು ತುಂಬಿದ ಹಾಲಿನ ಬಟ್ಟಲನ್ನು ಕಳುಹಿಸಿ, ತನ್ನ ನಾಡಿನಲ್ಲಿ ಎಡೆಯಿಲ್ಲವೆಂದು ಸೂಚಿಸಿದನಂತೆ. ಬಂದವರ ಹಿರಿಯನು ಅದಕ್ಕೆ ಸಕ್ಕರೆಯನ್ನು ಬೆರೆಸಿ ಹಿಂದಕ್ಕೆ ಕಳುಹಿಸಿದನಂತೆ. ಹಾಲು ಚೆಲ್ಲಲಿಲ್ಲ, ಸವಿಯಾಯಿತು. ಇದು ಬಾಯಿಂದ ಬಾಯಿಗೆ ಬಂದ ಕಥೆ. ಗ್ರಂಥವು ಹೇಳುವುದು ಅರಸನ ಐದು ಮಾತುಗಳನ್ನು: ಮತತತ್ತ್ವವನ್ನು ವಿವರಿಸಬೇಕು, ಸ್ವಂತ ಭಾಷೆಯನ್ನು ಬಿಟ್ಟು ಈ ನಾಡಿನ ನುಡಿಯನ್ನು ಆಡಬೇಕು, ಹೆಂಗಸರು ಇಲ್ಲಿನ ಉಡುಪನ್ನು ಧರಿಸಬೇಕು, ಆಯುಧಗಳನ್ನು ಕೆಳಗಿಡಬೇಕು, ಮದುವೆಗಳನ್ನು ಸಂಜೆಯಲ್ಲಿ ಮಾಡಬೇಕು. ಅವರು ಎಲ್ಲಕ್ಕೂ ಒಪ್ಪಿದರು. ಪಾರಸಿಗಳ ಮನೆಮಾತು ಗುಜರಾತಿಯಾದುದೂ, ಅವರ ಸ್ತ್ರೀಯರು ಸೀರೆಯುಟ್ಟು ಸೆರಗನ್ನು ಬಲಹೆಗಲಿನ ಮೇಲೆ ಇಳಿಬಿಡುವುದೂ ಹೀಗೆ ಬಂದವು.

ಭಾಷೆಯನ್ನೂ ಉಡುಪನ್ನೂ ಶಸ್ತ್ರವನ್ನೂ ಬಿಟ್ಟವರು ಬಿಡದೆ ಉಳಿಸಿಕೊಂಡುದಾದರೂ ಏನು? ಸೊಂಟಕ್ಕೆ ಸುತ್ತುವ ಎಪ್ಪತ್ತೆರಡು ಎಳೆಗಳ ಉಣ್ಣೆಯ ಕುಸ್ತಿಯೆಂಬ ದಾರ, ಮತ್ತು ಅಗ್ನಿ. ಸಂಜಾಣದಲ್ಲಿ ಅವರು ಪ್ರತಿಷ್ಠಿಸಿದ ಮಹಾಗ್ನಿಗೆ ‘ಇರಾನ್‌ಶಾಹ್’, ಎಂದರೆ ಇರಾನಿನ ದೊರೆ ಎಂದು ಹೆಸರು. ಕಳೆದುಹೋದ ರಾಜ್ಯಕ್ಕೆ ಆ ಜ್ವಾಲೆಯೇ ಅರಸನಾಯಿತು. ಇಂತಹ ಅಗ್ನಿಗೆ ‘ಆತಶ್ ಬೆಹರಾಮ್’ ಎನ್ನುವರು. ಇದನ್ನು ಪ್ರತಿಷ್ಠಿಸಲು ಹದಿನಾರು ಬಗೆಯ ಬೆಂಕಿಗಳನ್ನು ಕೂಡಿಸಬೇಕು: ಕುಂಬಾರನ ಆವಿಗೆಯದು, ಅಕ್ಕಸಾಲಿಗನ ಅಗ್ಗಿಷ್ಟಿಕೆಯದು, ಕಮ್ಮಾರನ ಕುಲುಮೆಯದು, ರೊಟ್ಟಿ ಸುಡುವವನ ಒಲೆಯದು, ಅರಮನೆಯದು, ಕುರುಬನದು, ಸಿಡಿಲಿನದು, ಕೊನೆಗೆ ಚಿತೆಯದು ಕೂಡ. ಒಂದೊಂದನ್ನೂ ಮಂತ್ರಪೂರ್ವಕವಾಗಿ ಮತ್ತೆ ಮತ್ತೆ ಶುದ್ಧಿಗೊಳಿಸಿ ಒಂದಾಗಿಸುವರು. ದುಡಿಯುವ ಎಲ್ಲರ ಬೆಂಕಿಯೂ ಅಲ್ಲಿ ಸೇರಿರುವುದೆಂಬುದು ನಮ್ಮ ಮನಸ್ಸಿಗೆ ಬಹಳ ಹಿಡಿಸಿತು.

ಈ ಅಗ್ನಿಯೂ ಒಂದೆಡೆ ನೆಲೆಗೊಳ್ಳಲಿಲ್ಲ. ಸುಲ್ತಾನನ ಸೇನೆಯು ಸಂಜಾಣವನ್ನು ಹಾಳುಮಾಡಿದಾಗ ಪುರೋಹಿತರು ಅದನ್ನು ಹೊತ್ತು ಬಹರೋಟ್ ಬೆಟ್ಟದ ಗುಹೆಗಳನ್ನು ಸೇರಿದರು. ಅಲ್ಲಿ ಹನ್ನೆರಡು ವರ್ಷ, ಬಳಿಕ ವಾಂಸದಾದಲ್ಲಿ ಹದಿನಾಲ್ಕು ವರ್ಷ ಕಳೆದುವೆಂದು ಪ್ರತೀತಿ. ಅನಂತರ ನವಸಾರಿಯಲ್ಲಿ ಬಹುಕಾಲವಿತ್ತು. ಪೂಜಾಧಿಕಾರದ ವಿಷಯದಲ್ಲಿ ಪುರೋಹಿತರೊಳಗೆ ಕಲಹ ಹುಟ್ಟಲು, ವಲಸಾಡದ ಮಾರ್ಗವಾಗಿ 1742ರಲ್ಲಿ ಉದವಾಡಕ್ಕೆ ಬಂದಿತು. ಈಗಿನ ಮಂದಿರವನ್ನು ಮೋಟ್ಲೀಬಾಯಿ ವಾಡಿಯಾ ಎಂಬ ದಾನಶೀಲೆಯು 1894ರಲ್ಲಿ ಕಟ್ಟಿಸಿದಳು.

ಉದವಾಡವು ಕಡಲ ದಡದ ಪುಟ್ಟ ಊರು. ಮರದ ಕಂಬಗಳ, ಜಗಲಿಗಳ ಹಳೆಯ ಮನೆಗಳು, ಬಾಗಿಲಿಗೆ ತೋರಣ, ಹೊಸ್ತಿಲ ಮುಂದೆ ಸುಣ್ಣದ ಪುಡಿಯ ರಂಗವಲ್ಲಿ. ನಮ್ಮ ಗೃಹಿಣಿಯರು ಕಂಡರೆ ತಮ್ಮ ಅಂಗಳವೇ ಎನ್ನುವರು. ಮಂದಿರದೊಳಗೆ ಪಾರಸಿಗಳಲ್ಲದವರಿಗೆ ಪ್ರವೇಶವಿಲ್ಲವಾದ್ದರಿಂದ ನಾವು ಬೀದಿಯಲ್ಲಿಯೇ ನಿಂತು ನಮಸ್ಕರಿಸಿದೆವು. ಒಳಗೆ ಪುರೋಹಿತನು ತನ್ನ ಉಸಿರು ತಗಲದಂತೆ ಬಾಯಿಗೆ ಬಿಳಿಯ ವಸ್ತ್ರವನ್ನು ಕಟ್ಟಿ, ದಿನಕ್ಕೆ ಐದು ಸಲ ಸಮಿತ್ತುಗಳನ್ನರ್ಪಿಸಿ ಗಂಟೆ ಬಾರಿಸುವನು. ಈ ಸೇವೆಯು ಒಂಬತ್ತು ಮನೆತನಗಳಿಗೆ ಸರದಿಯಿಂದ ಬಂದಿರುವುದು. ಮನೆಯಲ್ಲಿ ನಂದಾದೀಪವನ್ನಿಟ್ಟವರಿಗೆ ಇದರ ಕಷ್ಟವು ತಿಳಿಯದಿರದು: ಒಂದು ರಾತ್ರಿ ಎಣ್ಣೆ ಹೊಯ್ಯುವ ಕೈ ಮರೆತರೆ ಮುಗಿಯಿತು.

ಈ ಜನರ ಸಕ್ಕರೆಯ ಸವಿಯನ್ನು ಕನ್ನಡಿಗರೂ ಕಂಡಿದ್ದೇವೆ. ನವಸಾರಿಯ ಪುರೋಹಿತ ವಂಶದಲ್ಲಿ 1839ರಲ್ಲಿ ಹುಟ್ಟಿದ ಜಮ್ಷೆಟ್‌ಜಿ ಟಾಟಾರವರು ವಿಜ್ಞಾನದ ಉನ್ನತ ವ್ಯಾಸಂಗಕ್ಕಾಗಿ ತಮ್ಮ ಆಸ್ತಿಯಲ್ಲಿ ದೊಡ್ಡ ಪಾಲನ್ನು ಮುಡಿಪಾಗಿಟ್ಟು, ಫಲವನ್ನು ಕಾಣದೆ 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನಿತ್ತಿತು. 1909ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರವು ಸ್ಥಾಪಿತವಾಯಿತು. ಜನರು ಅದನ್ನು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವರು.

ಇಂತಹವರ ಸಂಖ್ಯೆ ಕುಗ್ಗುತ್ತ ಬಂದಿರುವುದು ಯೋಚನೆಯ ಸಂಗತಿ. 1941ರ ಜನಗಣತಿಯಲ್ಲಿ ಅವರು 1,14,890 ಮಂದಿ. 2011ರಲ್ಲಿ 57,264 ಮಂದಿ ಮಾತ್ರ. ತಡವಾದ ಮದುವೆ, ಅವಿವಾಹಿತರ ಹೆಚ್ಚಳ, ಕಡಮೆ ಸಂತಾನ, ಪರದೇಶ ವಾಸ ಇವು ಕಾರಣಗಳು. 2013ರಲ್ಲಿ ಸರಕಾರವೇ ‘ಜಿಯೋ ಪಾರ್ಸಿ’ ಎಂಬ ಯೋಜನೆಯನ್ನು ಹೂಡಿತು. ಹೊರಗಿನವರನ್ನು ವರಿಸಿದ ಹೆಣ್ಣುಮಕ್ಕಳ ಸಂತಾನವನ್ನು ಪಾರಸಿಗಳೆಂದು ಎಣಿಸಬೇಕೆ ಎಂಬ ವಿವಾದವು ಮನೆಮನೆಯಲ್ಲಿಯೂ ಇರುವುದು. ಬಾಗಿಲು ತೆರೆದರೆ ಅಗ್ನಿಯ ಶುದ್ಧಿ ಕೆಡುವುದೆಂದು ಒಬ್ಬರು. ತೆರೆಯದಿದ್ದರೆ ಸಮಿತ್ತು ಹಾಕುವ ಕೈಯೇ ಉಳಿಯದೆಂದು ಇನ್ನೊಬ್ಬರು. ಎರಡು ಪಕ್ಷಕ್ಕೂ ಆ ಅಗ್ನಿಯ ಮೇಲಿನ ಪ್ರೀತಿಯೇ ಮೂಲವಾಗಿರುವುದರಿಂದ ಹೊರಗಿನವರಾದ ನಾವು ತೀರ್ಪು ಹೇಳಲಾರೆವು.

ಸಂಜಾಣದ ದಡದಲ್ಲಿ ಅವರ ಹಿರಿಯರ ಮುಂದೆಯೂ ಇದೇ ಪ್ರಶ್ನೆ ನಿಂತಿತ್ತು: ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು? ಅಂದು ಸರಿಯಾಗಿ ಆರಿಸಿದುದರಿಂದಲೇ ಸಾವಿರ ವರ್ಷಗಳ ಮೇಲೂ ಅವರು ಉಳಿದಿರುವರು. ಇಂದೂ ಅವರಿಗೆ ಆ ವಿವೇಕವು ಒದಗಿ ಬರಲೆಂದು, ಹಾಲಿನಲ್ಲಿ ಸಕ್ಕರೆಯ ಸವಿಯನ್ನುಂಡ ನಾವೆಲ್ಲರೂ ಹಾರೈಸೋಣ.