ಒಂದು ನಕ್ಷತ್ರದ ಕೊನೆಯ ಬೆಳಕು

ಮದುವೆಯ ಮನೆಯಲ್ಲಿ ಪುರೋಹಿತರು ವಧೂವರರನ್ನು ಅಂಗಳಕ್ಕೆ ಕರೆತಂದು ಅರುಂಧತೀ ನಕ್ಷತ್ರವನ್ನು ತೋರಿಸುವ ಪದ್ಧತಿ ಬಹಳ ಹಳೆಯದು. ಹಗಲಿನ ಮುಹೂರ್ತವಾದರೆ ನಕ್ಷತ್ರ ಕಾಣಿಸುವುದಿಲ್ಲ. ಆದರೂ ತೋರಿಸುವವರು ತೋರಿಸುತ್ತಾರೆ, ನೋಡುವವರು ನೋಡಿದೆವೆನ್ನುತ್ತಾರೆ. ಇಲ್ಲಿ ಎಲ್ಲವೂ ಮಾಸಿ ಅಳಿಯುವಾಗ ಮೇಲಿನ ಆ ದೀಪಗಳಾದರೂ ಸ್ಥಿರವಾಗಿವೆಯೆಂಬ ನಂಬಿಕೆ ಅಷ್ಟು ಆಳವಾದುದು. ನಕ್ಷತ್ರಗಳಿಗೂ ಹುಟ್ಟುಸಾವುಗಳುಂಟೆಂದು ವಿಜ್ಞಾನ ತಿಳಿಸಿ ಬಹುಕಾಲವಾಯಿತು. ಆದರೆ ಆ ಸಾವು ಸಾಮಾನ್ಯವಾಗಿ ಮುಪ್ಪಿನ ಸಾವು. ಒಡಲಿನ ಇಂಧನ ತೀರಿದ ಮೇಲೆ ಬರುವಂಥದು. ಇನ್ನೂ ಆಯುಸ್ಸಿರುವ ನಕ್ಷತ್ರವೊಂದು ದಾರಿ ತಪ್ಪಿ ನಡೆದು, ತನಗಿಂತ ಬಲವಾದುದರ ಹಿಡಿತಕ್ಕೆ ಸಿಕ್ಕಿ ಹರಿದು ಚೂರಾಗುವುದೂ ಉಂಟು. ಅಂಥ ಒಂದು ಸಾವು 1992ರಲ್ಲಿ ಮನುಷ್ಯನ ಕಣ್ಣಿಗೆ ಬಿದ್ದಿತು. ಅದು ಅಂಥ ಸಾವೇ ಎಂದು ದೃಢಪಟ್ಟು ಲೋಕಕ್ಕೆ ತಿಳಿದದ್ದು 2004ರಲ್ಲಿ.

ಕಣ್ಣಿಗೆ ಬಿದ್ದಿತೆಂಬ ಮಾತು ಅಷ್ಟು ಸರಿಯಲ್ಲ. ಆ ಬೆಳಕು ಕಣ್ಣಿಗೆ ಕಾಣುವಂಥದಾಗಿರಲಿಲ್ಲ. 1895ರಲ್ಲಿ ಜರ್ಮನಿಯ ರಾಂಟ್ಜನ್ ಕಂಡುಹಿಡಿದ ಕ್ಷ-ಕಿರಣಗಳು ಆಸ್ಪತ್ರೆಯಲ್ಲಿ ಮುರಿದ ಮೂಳೆಯನ್ನು ತೋರಿಸುತ್ತವೆಂಬುದು ಎಲ್ಲರಿಗೂ ಗೊತ್ತು. ಇವೇ ಕಿರಣಗಳು ಆಕಾಶದಿಂದಲೂ ಬರುತ್ತವೆ. ಆದರೆ ಭೂಮಿಯ ವಾಯುಮಂಡಲ ಅವನ್ನು ನೆಲಕ್ಕಿಳಿಯಗೊಡುವುದಿಲ್ಲ. ಜೀವಿಗಳಿಗೆ ಇದೊಂದು ರಕ್ಷಾಕವಚ, ಖಗೋಳವಿಜ್ಞಾನಿಗೆ ಮಾತ್ರ ಮುಚ್ಚಿದ ಬಾಗಿಲು. ಆದುದರಿಂದ ದೂರದರ್ಶಕವನ್ನೇ ಗಾಳಿಯ ಆಚೆಗೆ ಒಯ್ಯಬೇಕಾಯಿತು. ಜರ್ಮನಿಯು ಅಮೆರಿಕ ಮತ್ತು ಬ್ರಿಟನ್ನುಗಳ ಸಹಕಾರದಿಂದ ನಿರ್ಮಿಸಿದ ಅಂಥದೊಂದು ಉಪಗ್ರಹ 1990ರ ಜೂನ್ 1ರಂದು ಮೇಲೇರಿತು. ರಾಂಟ್ಜನ್ನನ ನೆನಪಿಗಾಗಿ ಅದನ್ನು ರೋಸ್ಯಾಟ್ ಎಂದು ಕರೆದರು. ಅದು ಮೊದಲು ಇಡೀ ಆಕಾಶವನ್ನು ಒಮ್ಮೆ ಸೋಸಿ ನೋಡಿತು. ಆಗ ಕನ್ಯಾರಾಶಿಯ ಒಂದು ಮೂಲೆಯಲ್ಲಿ ಏನೂ ಕಂಡಿರಲಿಲ್ಲ. 1992ರಲ್ಲಿ ಅದೇ ಮೂಲೆಯಲ್ಲಿ ಪ್ರಖರವಾದ ಕ್ಷ-ಕಿರಣಗಳು ಕಾಣಿಸಿಕೊಂಡವು. ಅಲ್ಲಿದ್ದುದು ಸುಮಾರು 70 ಕೋಟಿ ಜ್ಯೋತಿರ್ವರ್ಷ ದೂರದ, ಅಕ್ಕಪಕ್ಕದಂತೆ ತೋರುವ ಎರಡು ಸಾಧಾರಣ ಗೆಲಕ್ಸಿಗಳು.

ಸದ್ದಿಲ್ಲದೆ ಮಲಗಿದ್ದ ಮನೆಯಲ್ಲಿ ಇದ್ದಕ್ಕಿದ್ದಂತೆ ಇಷ್ಟು ಬೆಂಕಿ ಹೇಗೆ ಬಂದಿತು? ಸಂದೇಹ ಕಪ್ಪುಕುಳಿಯ ಮೇಲೆ ಹೋಯಿತು. ಬೆಳಕೂ ಹಿಂದಿರುಗಲಾರದಷ್ಟು ಪ್ರಬಲವಾದ ಸೆಳೆತವುಳ್ಳ ಈ ಕುಳಿ ದೊಡ್ಡ ಗೆಲಕ್ಸಿಗಳ ನಡುವೆ ಸಾಮಾನ್ಯವಾಗಿ ಇರುತ್ತದೆ. ಭೂಮಿಗೂ ಸೂರ್ಯನಿಗೂ ನೆಲೆಯಾದ ಆಕಾಶಗಂಗೆಯ ನಡುವೆಯೂ, ಇಲ್ಲಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, 40 ಲಕ್ಷ ಸೂರ್ಯರಷ್ಟು ತೂಕದ ಒಂದು ಕುಳಿಯುಂಟು. ಮೇವಿಲ್ಲದ ಕುಳಿ ಕತ್ತಲಕೋಣೆಯಲ್ಲಿ ಕುಳಿತ ಕರಿಯ ಬೆಕ್ಕಿನ ಹಾಗೆ. ಬೇಟೆ ಸಿಕ್ಕಿದಾಗ ಮಾತ್ರ ಅದರ ಇರವು ಹೊರಬೀಳುತ್ತದೆ. ಅದನ್ನು ಸಾರುವುದೂ ಬೆಕ್ಕಲ್ಲ, ಬೇಟೆಯೇ.

ಕಡಲತೀರದ ಜನ ದಿನವೂ ಕಾಣುವ ಉಬ್ಬರವಿಳಿತದಲ್ಲೇ ಈ ಬೇಟೆಯ ರಹಸ್ಯವಡಗಿದೆ. ಚಂದ್ರನು ತನ್ನ ಕಡೆಗಿರುವ ನೀರನ್ನು ಹೆಚ್ಚಾಗಿಯೂ ಆಚೆಯ ಮಗ್ಗುಲಿನ ನೀರನ್ನು ಕಡಿಮೆಯಾಗಿಯೂ ಸೆಳೆಯುತ್ತಾನೆ. ಈ ವ್ಯತ್ಯಾಸ ಅಲ್ಪವಾದುದು. ಆದರೂ ಸಾಗರವನ್ನು ಉಬ್ಬಿಸಲು ಅಷ್ಟೇ ಸಾಕು. ಚಂದ್ರನ ಸ್ಥಾನದಲ್ಲಿ ಲಕ್ಷಾಂತರ ಸೂರ್ಯರ ತೂಕದ ಕುಳಿಯನ್ನಿಟ್ಟು, ಸಾಗರದ ಸ್ಥಾನದಲ್ಲಿ ಇಡೀ ನಕ್ಷತ್ರವನ್ನಿಟ್ಟು ನೋಡಬೇಕು. ನಕ್ಷತ್ರ ಕುಳಿಯ ಸಮೀಪಕ್ಕೆ ಬಂದಂತೆ ಅದರ ಹತ್ತಿರದ ಮಗ್ಗುಲು ಮುಂದಕ್ಕೆ ಎಳೆಯಲ್ಪಡುತ್ತದೆ, ದೂರದ ಮಗ್ಗುಲು ಹಿಂದುಳಿಯುತ್ತದೆ. ತನ್ನನ್ನು ತಾನು ಹಿಡಿದಿಟ್ಟುಕೊಂಡಿದ್ದ ನಕ್ಷತ್ರದ ಶಕ್ತಿ ಸೋಲುತ್ತದೆ. ಗುಂಡಗಿದ್ದುದು ಹಗ್ಗದಂತೆ ಉದ್ದವಾಗಿ ಹರಿದುಹೋಗುತ್ತದೆ. ಹೀಗೆ ಹರಿದ ದ್ರವ್ಯದಲ್ಲಿ ಸುಮಾರು ಅರ್ಧ ದೂರಕ್ಕೆ ಚಿಮ್ಮಿಹೋಗುವುದೆಂದೂ, ಉಳಿದರ್ಧ ಕುಳಿಯ ಕಡೆಗೆ ಮರಳುವುದೆಂದೂ ಬ್ರಿಟನ್ನಿನ ಮಾರ್ಟಿನ್ ರೀಸ್ 1988ರಲ್ಲಿಯೇ ಲೆಕ್ಕಹಾಕಿ ಹೇಳಿದ್ದರು. ಮರಳಿದುದು ಕುಳಿಯ ಸುತ್ತ ಗಿರಗಿರನೆ ಸುತ್ತುತ್ತ, ಒಂದಕ್ಕೊಂದು ಉಜ್ಜಿ ಲಕ್ಷಾಂತರ ಡಿಗ್ರಿ ಕಾಯುತ್ತದೆ. ಆ ಕಾವಿನಿಂದ ಹೊಮ್ಮುವುದೇ ಕ್ಷ-ಕಿರಣ.

ಈ ವಿವರಣೆ ಸೊಗಸಾಗಿತ್ತು. ಆದರೆ ಸೊಗಸಾದ ವಿವರಣೆಯೆಲ್ಲ ನಿಜವಾಗಬೇಕೆಂದೇನೂ ಇಲ್ಲ. ಎಡೆಬಿಡದೆ ಅನಿಲವನ್ನು ನುಂಗುತ್ತ ಸದಾ ಉರಿಯುವ ಕುಳಿಗಳೂ ಇವೆ. ಇದು ಅವುಗಳಲ್ಲೊಂದೇ, ಅಥವಾ ನಿಜವಾಗಿಯೂ ಒಂದು ನಕ್ಷತ್ರದ ಸಾವೇ? ಇದನ್ನು ಪರೀಕ್ಷಿಸಲು ಒಂದೇ ಉಪಾಯವಿತ್ತು, ಕಾಯುವುದು. ಒಂದು ನಕ್ಷತ್ರವೆಂದರೆ ಒಂದು ಹೊತ್ತಿನ ಊಟ. ಊಟ ಮುಗಿದರೆ ಒಲೆ ಆರಲೇಬೇಕು. ಅಷ್ಟರಲ್ಲಿ, 1999ರ ಫೆಬ್ರವರಿಯಲ್ಲಿ, ರೋಸ್ಯಾಟಿನ ಕೆಲಸವೇ ನಿಂತುಹೋಯಿತು.

ಅದೇ ವರ್ಷದ ಜುಲೈ 23ರಂದು ಅಮೆರಿಕದ ಚಂದ್ರ ದೂರದರ್ಶಕ ಮೇಲೇರಿತು. ಆ ಹೆಸರು ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದು. 1930ರಲ್ಲಿ ಹತ್ತೊಂಬತ್ತರ ಹರೆಯದ ಆ ತರುಣ ಓದಿಗಾಗಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕುಳಿತು, ಶ್ವೇತಕುಬ್ಜ ನಕ್ಷತ್ರದ ತೂಕಕ್ಕೆ ಒಂದು ಮೇರೆಯುಂಟೆಂದು ಲೆಕ್ಕಹಾಕಿದ್ದ. ಆ ಮೇರೆ ದಾಟಿದ ನಕ್ಷತ್ರ ಕುಸಿಯುತ್ತಲೇ ಹೋಗಬೇಕಾಗುವುದೆಂಬುದನ್ನು ಎಡಿಂಗ್ಟನ್ನರಂಥ ಹಿರಿಯರು ತುಂಬಿದ ಸಭೆಯಲ್ಲಿ ಹಾಸ್ಯಮಾಡಿದ್ದರು. ಕಪ್ಪುಕುಳಿಯ ಸಾಕ್ಷ್ಯ ಹುಡುಕುವ ಯಂತ್ರಕ್ಕೆ ಅವರ ಹೆಸರೇ ಬಂದುದು ಉಚಿತವಾಗಿದೆ.

2001ರಲ್ಲಿ ಚಂದ್ರ ದೂರದರ್ಶಕ ಕನ್ಯಾರಾಶಿಯ ಆ ಮೂಲೆಯ ಕಡೆಗೆ ತಿರುಗಿತು. ಎರಡು ಗೆಲಕ್ಸಿಗಳಲ್ಲಿ ಹೆಚ್ಚು ಬೆಳಗುವ ಒಂದರ ನಟ್ಟನಡುವೆ ಕಿರಣಗಳು ಇನ್ನೂ ಹೊಮ್ಮುತ್ತಿದ್ದವು. ಆದರೆ ಅವುಗಳ ಪ್ರಖರತೆ ಮೊದಲಿನ ಇನ್ನೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಒಲೆ ಆರುತ್ತಿತ್ತು. ಸ್ಟೆಫನಿ ಕೊಮೊಸಾ ಅವರ ನೇತೃತ್ವದ ತಂಡ 2004ರಲ್ಲಿ ಈ ಫಲವನ್ನು ಪ್ರಕಟಿಸಿತು. ಹರಿದುಹೋದ ನಕ್ಷತ್ರ ಹೆಚ್ಚುಕಡಿಮೆ ಸೂರ್ಯನಷ್ಟೇ ಇದ್ದಿತೆಂದೂ, ಅದರಲ್ಲಿ ನೂರಕ್ಕೆ ಒಂದು ಪಾಲಷ್ಟೇ ಕುಳಿಯ ಹೊಟ್ಟೆ ಸೇರಿತೆಂದೂ ಅವರ ಅಂದಾಜು. ಇಷ್ಟು ದೊಡ್ಡ ಸಂಹಾರದಲ್ಲಿ ತಿಂದುದಕ್ಕಿಂತ ಚೆಲ್ಲಿದುದೇ ಹೆಚ್ಚು.

ಒಂದು ಗೆಲಕ್ಸಿಯಲ್ಲಿ ಇಂಥ ಘಟನೆ ಹತ್ತುಸಾವಿರ ವರ್ಷಗಳಿಗೊಮ್ಮೆ, ಅಥವಾ ಅದಕ್ಕಿಂತಲೂ ಅಪರೂಪವಾಗಿ ನಡೆಯುತ್ತದೆ. ಗೆಲಕ್ಸಿಗಳು ಅಸಂಖ್ಯಾತವಾದುದರಿಂದ ಕಾದುನೋಡುವವರಿಗೆ ಕೊರತೆಯಾಗುವುದಿಲ್ಲ. ಈಚಿನ ವರ್ಷಗಳಲ್ಲಿ ಇಂಥ ಇನ್ನೂ ಹಲವು ಸಾವುಗಳು ಕಂಡಿವೆ. ಕನ್ಯಾರಾಶಿಯ ಆ ನಕ್ಷತ್ರ ಹರಿದುದು ಮಾತ್ರ ಸುಮಾರು 70 ಕೋಟಿ ವರ್ಷಗಳ ಹಿಂದೆ. ಆಗ ಭೂಮಿಯ ನೆಲದ ಮೇಲೆ ಒಂದು ಮರವಾಗಲಿ, ಒಂದು ಗರಿಕೆಯಾಗಲಿ ಇರಲಿಲ್ಲ. ಬೆಳಕು ಹೊರಟು ಬರುವಷ್ಟರಲ್ಲಿ ಅದನ್ನು ನೋಡುವವರು ಇಲ್ಲಿ ಹುಟ್ಟಿ, ಬೆಳೆದು, ಉಪಗ್ರಹ ಕಟ್ಟುವುದನ್ನು ಕಲಿತಿದ್ದರು.

ಅದನ್ನು ಮೊದಲು ಕಂಡ ರೋಸ್ಯಾಟ್ ಕೆಲಸ ನಿಂತ ಮೇಲೂ ಹನ್ನೆರಡು ವರ್ಷ ಭೂಮಿಯನ್ನು ಸುತ್ತುತ್ತಲೇ ಇತ್ತು. ಸುತ್ತು ಸುತ್ತಿಗೂ ತುಸುತುಸುವೇ ಕೆಳಗಿಳಿಯಿತು. 2011ರ ಅಕ್ಟೋಬರ್ 23ರ ಬೆಳಿಗ್ಗೆ ದಟ್ಟವಾದ ಗಾಳಿಯನ್ನು ಹೊಕ್ಕು, ಕಾದು ಚೂರಾಗಿ, ಬಂಗಾಳ ಕೊಲ್ಲಿಯ ಮೇಲೆ ಬಿದ್ದಿತು.