ಅವ್ವನನ್ನು ಯಾರ ಕೈಗೆ ಕೊಡುವುದು

ವಾಡಿ ಜಂಕ್ಷನ್ ಬಿಟ್ಟ ಪ್ಯಾಸೆಂಜರ್ ಚಿತ್ತಾಪುರ ದಾಟಿದೆ. ಕಿಟಕಿಯಾಚೆ ಕಾಯಿ ಬಲಿತ ತೊಗರಿ. ನನ್ನ ಚೀಲದಲ್ಲಿ ಆಧಾರಿನ ನಕಲು ಮತ್ತು ಸೇಡಂನ ಒಂದು ಮನೆಯ ಗುರುತು.

ಅವ್ವನಿಗೆ ಲಕ್ವಾ ಹೊಡೆದಿದೆ. ಎಬ್ಬಿಸಿ ಬಚ್ಚಲಿಗೆ ಒಯ್ಯಲು, ಉಣಿಸಲು ಚಿಂಚೋಳಿ ಕಡೆಯ ಹೆಣ್ಣುಮಗಳೊಬ್ಬಳು ಒಪ್ಪಿದ್ದಾಳೆ. ನಿನ್ನೆ ಅವಳಿಗೇ ಹೇಳಿದೆ: "ಬ್ಯಾಸರ ಮಾಡ್ಕೋಬ್ಯಾಡ ತಂಗಿ, ನೀ ಮೊದಲಿದ್ದ ಮನ್ಯಾಗ ಕೇಳಿ ಬರ್ತೀನಿ."

"ಕೇಳ್ರಿ ಅಕ್ಕಾರ. ಕೇಳದ ಹೆಂಗ ನಿಮ್ಮವ್ವನ್ನ ನನ್ನ ಕೈಯಾಗ ಕೊಡ್ತೀರಿ?"

ಕದ್ದುಮುಚ್ಚಿ ವಿಚಾರಿಸುವುದು ನನಗೆ ಒಗ್ಗದು. ಸೇವಾ ಸಿಂಧುವಿನಲ್ಲಿ ಪೊಲೀಸ್ ಪರಿಶೀಲನೆಗೂ ಅವಳನ್ನು ಕೇಳಿಯೇ ಅರ್ಜಿ ಹಾಕುತ್ತೇನೆ. ನರ್ಸ್ ಎಂದಿದ್ದರೆ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿಯನ್ನೂ ನೋಡಬಹುದಿತ್ತು, ಅವಳು ಹಾಗೆಂದಿಲ್ಲ. ಠಾಣೆಯ ಕಾಗದ ಕೇಸು ಇದೆಯೋ ಇಲ್ಲವೋ ಅಷ್ಟನ್ನೇ ಹೇಳೀತು. ಬಾಯಿ ಬಿದ್ದುಹೋದ ಮುದುಕಿಯ ತೋಳು ಚಿವುಟಿದವರ ಮೇಲೆ ದೂರು ಕೊಡುವವರು ಯಾರು?

ಸೇಡಂ. ಶಹಾಬಾದ್ ಕಲ್ಲು ಹಾಸಿದ ತಣ್ಣನೆ ಪಡಸಾಲೆ, ಗೋಡೆಗೆ ಒರಗಿಸಿದ ಖಾಲಿ ಮಂಚ. ಸೊಸೆ ಚಹಾ ತಂದಿಡುತ್ತಾಳೆ. "ಒಳ್ಳೇಕಿ ಏನ್ರಿ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅದಕ್ಕೇ ಬೇರೆ ಕೇಳುತ್ತೇನೆ: ರಾತ್ರಿ ಕರೆದರೆ ಏಳುತ್ತಿದ್ದಳೇ? ಹಾಸಿಗೆ ಹೊಲಸಾದಾಗ ಮುಖ ಹೇಗಿರುತ್ತಿತ್ತು?

"ಎರಡು ತಾಸಿಗೊಮ್ಮೆ ಮಗ್ಗಲಾ ಬದಲಸ್ತಿದ್ಳು. ಅತ್ತಿ ಬೆನ್ನಿಗಿ ಒಂದು ಹುಣ್ಣೂ ಆಗಲಿಲ್ಲರಿ." ಆಮೇಲೆ ತಡೆದು, "ಒಮ್ಮಿ ಊರಿಗಿ ಹೋದಾಕಿ ಮೂರು ದಿನ ತಡಾ ಮಾಡಿ ಬಂದ್ಳು. ಮಗಳಿಗಿ ಜ್ವರ ಇತ್ತಂತ."

ಆ ತಡವನ್ನೂ ಮುಚ್ಚಿಡದೆ ಹೇಳಿದ್ದರಿಂದಲೇ ಉಳಿದ ಮಾತನ್ನು ನಂಬುತ್ತೇನೆ. ಮಗಳಿಗೆ ಜ್ವರ ಬಂದಾಗ ಆಕೆ ನಿಶ್ಚಿಂತೆಯಿಂದ ಹೋಗಿಬರುವಂತೆ ರಜೆಯ ಮಾತನ್ನು ಮೊದಲೇ ಆಡಿಕೊಳ್ಳಬೇಕು.

ಸೊಸೆ ಖಾಲಿ ಮಂಚದ ಕಡೆ ನೋಡುತ್ತಾಳೆ. "ಅತ್ತಿ ತೀರಿಕೊಂಡ ದಿನ ತಲಿ ಹಿಕ್ಕಿದಾಕಿನೂ ಅಕೀನ."

ಸಂಜೆ ವಾಡಿಗೆ ಮರಳಿ ಬಾಗಿಲು ತೆಗೆಯುವಷ್ಟರಲ್ಲಿ ಪಕ್ಕದ ಮನೆಯ ಕಾಕಿ ಕರೆಯುತ್ತಾಳೆ. "ನಿನ್ನೆ ಆ ಹುಡುಗಿ ಹೋಗುವಾಗ ನಿಮ್ಮನಿ ಬಗ್ಗೆ ಕೇಳಿದ್ಳವಾ. ಕುಡಿಯಾವ್ರು ಯಾರರ ಇದ್ದಾರೇನು, ಪಗಾರ ಹೊತ್ತಿಗಿ ಕೊಡ್ತಾರೇನು ಅಂತ."

ಚಿಲಕದ ಮೇಲೆ ಕೈ ಹಾಗೇ ಉಳಿಯುತ್ತದೆ.

"ನೀ ಏನಂದಿ ಕಾಕಿ?"