ಮನಸ್ಸಿನ ಮಂಡಿಗೆ

‘ಮನಸ್ಸಿನಲ್ಲಿ ಮಂಡಿಗೆ ತಿನ್ನುವುದು’ ಎಂಬ ನುಡಿಗಟ್ಟಿನ ಅರ್ಥವನ್ನು ತರಗತಿಯಲ್ಲಿ ಕೇಳಿದಾಗಲೆಲ್ಲ, ಇಲ್ಲದ್ದನ್ನು ಕಲ್ಪಿಸಿಕೊಂಡು ಸುಖಿಸುವುದು ಎಂದು ವಿದ್ಯಾರ್ಥಿಗಳು ಸರಿಯಾಗಿಯೇ ಹೇಳುತ್ತಾರೆ. ಹೋಳಿಗೆ, ಲಾಡುಗಳನ್ನು ಬಿಟ್ಟು ಮಂಡಿಗೆಯೇ ಏಕೆ ಎಂದರೆ ಮಾತ್ರ ಮೌನ. ಅವರಲ್ಲಿ ಹೆಚ್ಚಿನವರು ಮಂಡಿಗೆಯನ್ನು ಕಂಡವರಲ್ಲ.

ಈ ಪ್ರಶ್ನೆಗೆ ನನಗೆ ಉತ್ತರ ಹೊಳೆದದ್ದು ಬೆಳಗಾವಿ ಕಡೆಯ ಮದುವೆಮನೆಯೊಂದರ ಒಲೆಯ ಮುಂದೆ. ಸಕ್ಕರೆ, ತುಪ್ಪಗಳ ಹೂರಣ ತುಂಬಿದ ಕಣಕವನ್ನು ಬಾಣಸಿಗರು ಲಟ್ಟಿಸಿ, ಎರಡೂ ಕೈಗಳ ಮೇಲೆ ಆಡಿಸುತ್ತ ಹಿಗ್ಗಿಸಿ, ಬೋರಲು ಹಾಕಿದ ಕಾದ ಬಾಣಲೆಯ ಮೇಲೆ ಹರಡುತ್ತಿದ್ದರು. ಬಿಸಿ ಆರುವ ಮೊದಲೇ ಮಡಚಬೇಕು. ಆರಿದ ಮೇಲೆ ಮುಟ್ಟಿದರೆ ಮುರಿಯುತ್ತದೆ. ಎಲೆಯ ತುಂಬ ಕಾಣುವ ಮಂಡಿಗೆ, ಹಾಲು ತುಪ್ಪ ಬಿದ್ದೊಡನೆ ಕುಸಿದು ಹಿಡಿಯಷ್ಟಾಗುತ್ತದೆ. ಕಣ್ಣಿಗೆ ಅಷ್ಟು ವಿಸ್ತಾರ, ಬಾಯಿಗೆ ಇಷ್ಟೇ. ಹಗಲುಗನಸಿಗೆ ಇದಕ್ಕಿಂತ ತಕ್ಕ ಉಪಮಾನ ಬೇರೊಂದು ಸಿಹಿಯಲ್ಲಿ ಸಿಗಲಾರದೆಂದು ನನಗೆ ಆಗ ತೋರಿತು.

ತಿನಿಸು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು 12ನೆಯ ಶತಮಾನದಲ್ಲಿಯೇ ಅನ್ನಭೋಗವನ್ನು ವಿವರಿಸುವಲ್ಲಿ ಗೋಧಿಯ ‘ಮಂಡಕ’ವನ್ನು ಹೇಳುತ್ತದೆ. 16ನೆಯ ಶತಮಾನದ ಆರಂಭದಲ್ಲಿ ಜೈನಕವಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿ, ಹಿಟ್ಟಿನ ಭಕ್ಷ್ಯಗಳಿಗೆ ಮೊದಲ ಅಧ್ಯಾಯವನ್ನೇ ಮೀಸಲಿಟ್ಟನು. ರಾಘವಾಂಕನು ಹರಿಶ್ಚಂದ್ರನ ದುಃಖವನ್ನು ಹೇಳಿದ ಛಂದಸ್ಸು ಅದು. ಪಾಕದ ಹದವೂ ಅದೇ ಲಯಕ್ಕೆ ಅರ್ಹವೆಂದು ಮಂಗರಸನು ಬಗೆದನು.

ಜೈನಧರ್ಮದ ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವೂ ಒಂದು: ಹಾಲು, ತುಪ್ಪ, ಬೆಲ್ಲ ಮೊದಲಾದವನ್ನು ತೊರೆಯುವ ವ್ರತ. ಆ ಪರಂಪರೆಯ ಕವಿ ರುಚಿಯ ಶಾಸ್ತ್ರವನ್ನು ಬರೆದದ್ದು ವಿರೋಧವೆನಿಸಬಹುದು. ನನಗೆ ಹಾಗೆನಿಸುವುದಿಲ್ಲ. ತೊರೆಯಬೇಕಾದ ರಸಗಳನ್ನು ಒಂದೊಂದಾಗಿ ಹೆಸರಿಸಿ ಎಣಿಸಿದವರಿಗೆ ಅವುಗಳ ಸೆಳೆತವೆಷ್ಟೆಂಬುದು ಚೆನ್ನಾಗಿ ತಿಳಿದಿತ್ತು.

ಹಳೆಯ ಕಾವ್ಯಗಳ ಭಕ್ಷ್ಯಗಳ ಹೆಸರಿಗೆ ನಾವು ‘ಒಂದು ಬಗೆಯ ಸಿಹಿತಿಂಡಿ’ ಎಂದು ಟಿಪ್ಪಣಿ ಬರೆದು ಮುಂದೆ ಸಾಗುತ್ತೇವೆ. ಮಂಡಿಗೆ ಮಾಡಬಲ್ಲ ಕೈಗಳು ಇಂದು ವಿರಳ. ಅವು ನಿಂತುಹೋದ ಮೇಲೂ ನುಡಿಗಟ್ಟು ಉಳಿದೀತು. ಅದರೊಳಗಿನ ಚಿತ್ರ ಉಳಿಯದು. ಪದಗಳ ಬೆನ್ನುಹತ್ತಿದ ಸಂಶೋಧಕರು ಹಸ್ತಪ್ರತಿ ಭಂಡಾರಕ್ಕೆ ಹೋಗುವಂತೆಯೇ ಆ ಒಲೆಗಳ ಬಳಿಗೂ ಹೋಗಬೇಕು, ಅವು ಆರುವ ಮೊದಲು.